ಶಂಕರ್‌ನಾಗ್ ಬಿಟ್ಟುಹೋದ ಆಸ್ತಿ

ಕರ್ನಾಟಕದ ಯಾವುದೇ ಊರಿನ ಬಸ್ ನಿಲ್ದಾಣದಲ್ಲಿ ಇಳಿದು ಹೊರಬಂದರೂ ಎದುರಿಗೆ ಸಿಗುವುದು ಆಟೋ ನಿಲ್ದಾಣ. ಅದರ ಹಳದಿ-ಕೆಂಪು ಫಲಕದ ಮೇಲೆ ಬಹಳ ಕಡೆ ಒಂದೇ ಮುಖ: ಗಡ್ಡ ಬಿಟ್ಟ, ನಗುವ ಕಣ್ಣಿನ ಯುವಕ. ಕೆಳಗೆ ‘ಶಂಕರ್‌ನಾಗ್ ಆಟೋ ನಿಲ್ದಾಣ’ ಎಂದು ಬರೆದಿರುತ್ತದೆ. ಆ ಯುವಕ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಅಂದು ಹುಟ್ಟಿಯೇ ಇರದಿದ್ದ ಹುಡುಗರು ಇಂದು ಆ ನಿಲ್ದಾಣಗಳಲ್ಲಿ ಆಟೋ ಓಡಿಸುತ್ತಿದ್ದಾರೆ; ನವೆಂಬರ್ 9 ಬಂತೆಂದರೆ ಗಾಡಿಗೆ ಹೂವಿನ ಹಾರ ಹಾಕಿ, ಸಿಹಿ ಹಂಚಿ ಅವರ ಹುಟ್ಟುಹಬ್ಬ ಆಚರಿಸುತ್ತಾರೆ. ರಾಜ್ಯೋತ್ಸವದ ತಿಂಗಳೇ ಆದ್ದರಿಂದ ಎರಡು ಹಬ್ಬಗಳೂ ಒಂದರೊಳಗೊಂದು ಬೆರೆತುಹೋಗುತ್ತವೆ. ಭೋಸರಿಯ ನಾವೂ ಇದಕ್ಕೆ ಹೊರತಲ್ಲ. ನಮ್ಮ ರಾಜ್ಯೋತ್ಸವದ ಸಭೆಯಲ್ಲಿ ಆರ್ಕೆಸ್ಟ್ರಾದವರು ನಾಲ್ಕನೆಯ ಹಾಡಿಗೆ ಬರುವುದರೊಳಗೆ ‘ಆಟೋರಾಜ’ದ ಹಾಡು ಬೇಕೆಂಬ ಚೀಟಿ ವೇದಿಕೆಗೆ ಬಂದೇ ಬರುತ್ತದೆ.

ಈ ಪ್ರೀತಿಯ ಬಗ್ಗೆ ನಮ್ಮ ತಕರಾರಿಲ್ಲ. ಇದು ಯಾವ ಸರಕಾರವೂ ಹೇಳಿ ಮಾಡಿಸಿದ ಪ್ರೀತಿಯಲ್ಲ, ಯಾವ ಅಭಿಮಾನಿ ಸಂಘವೂ ದುಡ್ಡು ಕೊಟ್ಟು ಬೆಳೆಸಿದ್ದಲ್ಲ. ತಕರಾರಿರುವುದು ಅದು ಎಲ್ಲಿಗೆ ಬಂದು ನಿಂತುಬಿಡುತ್ತದೆ ಎಂಬುದರ ಬಗ್ಗೆ. ಇಲ್ಲಿ ನಮ್ಮ ಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಶಂಕರ್‌ನಾಗ್ ಎಂದರೆ ಒಂದು ಮುಖ, ಒಂದು ಹಾಡು, ಒಂದು ಅಪಘಾತ. ಆತ ಮಾಡಿದ ಕೆಲಸ ಯಾವುದು, ಅದರಲ್ಲಿ ಗಟ್ಟಿಯೆಷ್ಟು ಜೊಳ್ಳೆಷ್ಟು ಎಂದು ಯಾರೂ ಕೇಳುವುದಿಲ್ಲ; ಕೇಳಿದರೆ ಅಭಿಮಾನಕ್ಕೆ ಕುಂದು ತಂದಂತೆ ಎಂಬ ಭಾವನೆ ಬೇರೆ. ನಮಗಂತೂ ಕೇಳಲೇಬೇಕೆನಿಸಿದೆ. ಏಕೆಂದರೆ ಶಂಕರ್‌ನಾಗ್ ಬಿಟ್ಟುಹೋದ ಆಸ್ತಿಯ ಬಹುಭಾಗ ಹೊರನಾಡಿನಲ್ಲಿ, ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಗಳಿಸಿದ್ದು. ಅದನ್ನು ಗುರುತಿಸುವ ಹೊಣೆ ಬೆಂಗಳೂರಿನವರಿಗಿಂತ ನಮ್ಮಂಥವರ ಮೇಲೆಯೇ ಹೆಚ್ಚಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಮಲ್ಲಾಪುರದಲ್ಲಿ 1954ರ ನವೆಂಬರ್ 9ರಂದು ಹುಟ್ಟಿದ ಶಂಕರ್ ಓದು ಮುಗಿಸಿ ಮುಂಬಯಿಗೆ ಬಂದರು. ಕರಾವಳಿಯ ಆ ಭಾಗದ ಹುಡುಗರು ಮುಂಬಯಿಗೆ ಬರುವುದು ಆಗಿನ ಕಾಲಕ್ಕೆ ಹೊಸ ಸಂಗತಿಯೇನಲ್ಲ. ಅಣ್ಣ ಅನಂತನಾಗ್ ಅವರಿಗಿಂತ ಮೊದಲೇ ಬಂದು ನಾಟಕಗಳಲ್ಲಿ ಪಳಗಿದ್ದರು. ಶಂಕರ್ ಮರಾಠಿ ರಂಗಭೂಮಿಗೆ ಹೊಕ್ಕರು. ಮುಂದೆ ಪತ್ನಿಯಾದ ಅರುಂಧತಿಯವರ ಪರಿಚಯವಾದದ್ದೂ ಮುಂಬಯಿಯ ರಂಗಭೂಮಿಯಲ್ಲೇ. ಮನೆಮಾತು ಕೊಂಕಣಿ, ನಟನೆ ಕಲಿತದ್ದು ಮರಾಠಿಯಲ್ಲಿ, ಹೆಸರು ಬಂದದ್ದು ಕನ್ನಡದಿಂದ, ದೇಶದ ಮನೆಮನೆಗೆ ತಲುಪಿದ್ದು ಹಿಂದಿಯಲ್ಲಿ. ‘ಮಕ್ಕಳು ಮನೆಯಲ್ಲೊಂದು, ಶಾಲೆಯಲ್ಲೊಂದು, ಗೇಟಿನಾಚೆ ಇನ್ನೊಂದು ಭಾಷೆ ಆಡಿದರೆ ಯಾವುದರಲ್ಲೂ ನೆಲೆ ನಿಲ್ಲುವುದಿಲ್ಲ’ ಎಂದು ಹೆದರುವ ತಂದೆತಾಯಿಯರು ನಮ್ಮಲ್ಲಿ ಬಹಳ. ಅವರು ಈ ಸಾಲನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇವೆ.

ಕನ್ನಡಕ್ಕೆ ಅವರನ್ನು ಕರೆತಂದವರು ಶ್ರೀ ಗಿರೀಶ ಕಾರ್ನಾಡರು. 1974-75ರಲ್ಲಿ ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರ ತೆಗೆದಾಗ ಗಂಡುಗಲಿ ಎಂಬ ಬಾಡಿಗೆ ಯೋಧನ ಪಾತ್ರವನ್ನು ಈ ಅಪರಿಚಿತ ತರುಣನಿಗೆ ಕೊಟ್ಟರು. ಜಪಾನಿನ ಕುರೊಸಾವಾನ ಚಿತ್ರಗಳ ಪ್ರಭಾವ ಎದ್ದು ಕಾಣುವ ಆ ಚಿತ್ರದಲ್ಲಿ ಎದುರಾಳಿ ಯೋಧ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸು ಇದ್ದರು. ಅವರ ಧ್ವನಿಯ ಗಾಂಭೀರ್ಯದೆದುರು ಹೊಸಬನೊಬ್ಬ ನಿಲ್ಲುವುದೇ ಕಷ್ಟ. ಶಂಕರ್ ನಿಂತದ್ದು ಮಾತಿನಿಂದಲ್ಲ. ನಡಿಗೆಯಿಂದ, ಕತ್ತಿ ಹಿಡಿಯುವ ಮೊದಲು ಕಣ್ಣಲ್ಲಿ ತರುವ ಒಂದು ಬಗೆಯ ಬೇಸರದಿಂದ. ಹಣಕ್ಕಾಗಿ ಕಾದುವವನಿಗೆ ಕಾದಾಟದ ಬಗ್ಗೆಯೇ ಇರುವ ಆ ಬೇಸರವೇ ಪಾತ್ರದ ಜೀವ. 1979ರಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಅವರ ಪಾಲಾಯಿತು. ಆಗ ವಯಸ್ಸು 24.

ಮುಂದೆ ನಡೆದದ್ದು ನಮ್ಮ ಚಿತ್ರರಂಗದ ಬುದ್ಧಿಗೆ ತಕ್ಕದ್ದೇ. ಗಂಡುಗಲಿಯ ಬೇಸರವನ್ನು ಬಿಟ್ಟು ಕತ್ತಿಯನ್ನು ಮಾತ್ರ ಎತ್ತಿಕೊಂಡರು. ಹೊಡೆದಾಟದ ನಾಯಕ ಸಿಕ್ಕನೆಂದು ನಿರ್ಮಾಪಕರು ಮುಗಿಬಿದ್ದರು, ‘ಕರಾಟೆ ಕಿಂಗ್’ ಎಂಬ ಬಿರುದು ಹುಟ್ಟಿತು. ಹನ್ನೆರಡು ವರ್ಷಗಳಲ್ಲಿ ಸುಮಾರು 80 ಚಿತ್ರಗಳು! ಅವುಗಳಲ್ಲಿ ಬಹುಪಾಲನ್ನು ಇಂದು ಕುಳಿತು ನೋಡಲು ತಾಳ್ಮೆ ಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂಬಂತೆ ನಟಿಸಿದ ಅವಸರ ಮುಖದಲ್ಲೇ ಕಾಣುತ್ತದೆ. ಸಂಭಾಷಣೆ ಒಪ್ಪಿಸಿ ಮುಗಿಸಿದರೆ ಸಾಕೆಂಬ ದೃಶ್ಯಗಳು ಬೇಕಾದಷ್ಟಿವೆ. ಇಲ್ಲಿ ದುಡಿದದ್ದನ್ನು ನಾಟಕಕ್ಕೂ ಸ್ಟುಡಿಯೋಕ್ಕೂ ಸುರಿದರು ಎಂಬ ಸಮಾಧಾನವನ್ನು ಅಭಿಮಾನಿಗಳು ಹೇಳುತ್ತಾರೆ. ಅದು ನಿಜವೂ ಹೌದು. ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಸ್ಟುಡಿಯೋ ಎದ್ದದ್ದು ಆ ದುಡಿಮೆಯಿಂದಲೇ. ಆದರೆ ಕಾರಣ ಒಳ್ಳೆಯದೆಂದ ಮಾತ್ರಕ್ಕೆ ಚಿತ್ರ ಒಳ್ಳೆಯದಾಗುವುದಿಲ್ಲವಲ್ಲ!

ಆ ರಾಶಿಯಿಂದ ‘ಆಟೋರಾಜ’ವನ್ನು (1980) ಮಾತ್ರ ಬೇರೆ ಎತ್ತಿಡಬೇಕು. ವಿಜಯ್ ನಿರ್ದೇಶಿಸಿದ ಈ ಚಿತ್ರ ಕಲಾಕೃತಿಯೇನಲ್ಲ. ಆದರೆ ಅಲ್ಲಿಯವರೆಗೆ ತೆರೆಯ ಮೇಲೆ ನಾಯಕನನ್ನು ಎಲ್ಲಿಂದೆಲ್ಲಿಗೋ ಮುಟ್ಟಿಸಿ ಮಾಯವಾಗುತ್ತಿದ್ದ ಆಟೋದವನು ಇಲ್ಲಿ ತಾನೇ ನಾಯಕನಾದ. ಖಾಕಿ ಅಂಗಿಗೆ ಒಂದು ಘನತೆ ಬಂತು. ದಿನಕ್ಕೆ ಹದಿನಾಲ್ಕು ಗಂಟೆ ದುಡಿದು, ಬೈಸಿಕೊಂಡು, ಮನೆಗೆ ಹೋಗುವವರು ಈ ಒಂದು ಉಪಕಾರವನ್ನು ಇಷ್ಟು ವರ್ಷ ನೆನಪಿಟ್ಟಿದ್ದಾರೆ ಎಂದರೆ, ಉಳಿದವರು ಅವರಿಗೆ ಎಷ್ಟು ಕಡಿಮೆ ಕೊಟ್ಟಿದ್ದಾರೆಂಬುದೂ ಗೊತ್ತಾಗುತ್ತದೆ. (ಅಂದಹಾಗೆ, ಆಟೋ ತಯಾರಿಸುವ ಬಜಾಜ್ ಕಂಪನಿ ನಮ್ಮ ನೆರೆಯ ಆಕುರ್ಡಿಯದು. ಯಂತ್ರ ಇಲ್ಲಿಂದ, ಅದರ ಮೇಲಿನ ದೇವರಪಟ ಅಲ್ಲಿಂದ!)

ನಟ ಶಂಕರ್‌ನಾಗ್ ಅವರಿಗಿಂತ ನಿರ್ದೇಶಕ ಶಂಕರ್‌ನಾಗ್ ದೊಡ್ಡವರು. ಇದನ್ನು ಹೇಳಿದರೆ ಆಟೋ ನಿಲ್ದಾಣದಲ್ಲಿ ನಮಗೆ ಬಾಡಿಗೆ ಸಿಗಲಿಕ್ಕಿಲ್ಲ, ಆದರೂ ಹೇಳುತ್ತೇವೆ. 1980ರ ‘ಮಿಂಚಿನ ಓಟ’ ಕಾರು ಕದಿಯುವ ಮೂವರ ಕಥೆ. ಅಣ್ಣ ಅನಂತನಾಗ್, ಲೋಕನಾಥ್ ಮತ್ತು ತಾವು ಸೇರಿ ನಟಿಸಿ, ತಾವೇ ನಿರ್ದೇಶಿಸಿದರು. ನಾಯಕಿಯಾಗಿ ಬಂದವರು ಮರಾಠಿಯ ಪ್ರಿಯಾ ತೆಂಡೂಲ್ಕರ್, ನಾಟಕಕಾರ ವಿಜಯ ತೆಂಡೂಲ್ಕರರ ಮಗಳು. ಕಳ್ಳರನ್ನು ಕೆಡುಕರೆಂದಾಗಲಿ ಬಡವರ ಬಂಧುಗಳೆಂದಾಗಲಿ ಮಾಡದೆ, ಒಂದು ಕಸುಬಿನವರೆಂಬಂತೆ ನೋಡಿದ ಮೊದಲ ಕನ್ನಡ ಚಿತ್ರಗಳಲ್ಲಿ ಇದೂ ಒಂದು. ಜೈಲಿನಿಂದ ತಪ್ಪಿಸಿಕೊಳ್ಳುವ ಭಾಗದಲ್ಲಿ ಅವಸರವೇ ಇಲ್ಲ. ತಮ್ಮ ಪಾಡಿಗೆ ಕೆಲಸ ಮಾಡುವ ಕೈಗಳನ್ನು ಕ್ಯಾಮರಾ ನೋಡುತ್ತ ಕೂಡುತ್ತದೆ. ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಅಭ್ಯಾಸವಿರುವ ನಮ್ಮ ಓದುಗರಿಗೆ ಆ ಗಮನದ ಬೆಲೆ ಚೆನ್ನಾಗಿ ಗೊತ್ತು. ಮರುವರ್ಷದ ‘ಗೀತಾ’ ಇಳಯರಾಜಾರ ಸಂಗೀತದಿಂದ ಬದುಕಿದೆ. ಕಾಯಿಲೆಯ ಹುಡುಗಿಯ ಕಥೆ ಅಲ್ಲಲ್ಲಿ ಕಣ್ಣೀರಿನ ಕಡೆಗೆ ಜಾರುತ್ತದೆ. ಡಾ. ರಾಜಕುಮಾರ್ ಅವರನ್ನಿಟ್ಟುಕೊಂಡು ಸ್ಟೈನ್‌ಬೆಕ್ಕನ ಕಾದಂಬರಿಯ ಆಧಾರದ ಮೇಲೆ ತೆಗೆದ ‘ಒಂದು ಮುತ್ತಿನ ಕಥೆ’ (1987) ಸಾಹಸವಾಗಿ ಮೆಚ್ಚತಕ್ಕದ್ದು, ಚಿತ್ರವಾಗಿ ಅರ್ಧ ದಾರಿಯಲ್ಲೇ ಉಸಿರು ಕಟ್ಟುತ್ತದೆ.

ಅವರ ಚಿತ್ರಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾವು ‘ಆಕ್ಸಿಡೆಂಟ್’ ಅನ್ನು ಉಳಿಸಿಕೊಳ್ಳುತ್ತೇವೆ. 1984ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆಯ ಚಿತ್ರಕ್ಕಾಗಿ ಇರುವ ಪುರಸ್ಕಾರ ಪಡೆದ ಚಿತ್ರ ಇದು. ಅಮಲಿನಲ್ಲಿ ಕಾರು ಓಡಿಸಿದ ದೊಡ್ಡ ಮನೆಯ ಹುಡುಗ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಗಳ ಮೇಲೆ ಹರಿಸಿಬಿಡುತ್ತಾನೆ. ತಂದೆ ರಾಜಕಾರಣಿ. ಮುಂದೆ ಏನಾಗುತ್ತದೆಂಬುದನ್ನು ಊಹಿಸಲು ಚಿತ್ರ ನೋಡಬೇಕಾಗಿಲ್ಲ. ಆದರೆ ಹೇಗಾಗುತ್ತದೆಂದು ತಿಳಿಯಲು ನೋಡಬೇಕು. ಯಾರೂ ಕೂಗುವುದಿಲ್ಲ. ಒಂದು ಫೋನು, ಒಂದು ಭೇಟಿ, ಒಂದು ಕಡತ. ಸತ್ಯ ಮೆಲ್ಲಗೆ ಕಾಣೆಯಾಗುತ್ತ ಹೋಗುತ್ತದೆ. ರಾಜಕಾರಣಿಯಾಗಿ ಅನಂತನಾಗ್ ತೋರಿಸುವ ಸೌಜನ್ಯ ಮೈ ನಡುಗಿಸುವಂಥದು. ‘ಕರಾಟೆ ಕಿಂಗ್’ ಎಂದು ಜನ ಸೀಟಿ ಹೊಡೆಯುತ್ತಿದ್ದ ಕಾಲದಲ್ಲಿ ಶಂಕರ್ ತಮಗಾಗಿ ಆರಿಸಿಕೊಂಡದ್ದು ಪತ್ರಕರ್ತನ ಪಾತ್ರ. ಅವನಿಗೆ ಲೇಖನಿ ಬಿಟ್ಟರೆ ಬೇರೆ ಆಯುಧವಿಲ್ಲ, ಮುಷ್ಟಿ ಎತ್ತುವ ಅವಕಾಶವೂ ಇಲ್ಲ. ತಾರೆಯೊಬ್ಬ ತನ್ನ ಮಾರುಕಟ್ಟೆಯನ್ನೇ ಹೀಗೆ ಬದಿಗಿಟ್ಟದ್ದು ನಮ್ಮಲ್ಲಿ ಅಪರೂಪ.

ಚಿತ್ರದ ಮೊದಲ ಹತ್ತು ನಿಮಿಷದಲ್ಲೇ ಸತ್ತುಹೋಗುವ ಆ ಕೂಲಿಗಳ ಬಗ್ಗೆ ಇನ್ನೊಂದು ಮಾತು. ಅವರು ಹೊಟ್ಟೆಪಾಡಿಗಾಗಿ ಹಳ್ಳಿ ಬಿಟ್ಟು ನಗರಕ್ಕೆ ಬಂದವರು. ಭೋಸರಿಯಲ್ಲಿ ಕೂತು ಆ ದೃಶ್ಯ ನೋಡುವಾಗ ಮೋಶಿ, ಚಿಖಲಿಯ ಕಡೆ ಎದ್ದೇಳುತ್ತಿರುವ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳು ಕಣ್ಣಿಗೆ ಕಟ್ಟುತ್ತವೆ. ಅಲ್ಲಿ ಸಂಜೆ ಹೊತ್ತು ಒಲೆ ಹಚ್ಚಿ ಕೂತ ಹೆಣ್ಣುಮಕ್ಕಳು ಆಡುವುದು ಕಲಬುರ್ಗಿ, ಯಾದಗಿರಿ ಕಡೆಯ ಕನ್ನಡ. ಎಂ.ಐ.ಡಿ.ಸಿ.ಗೆ ನೌಕರಿಗೆಂದು ಬಂದು, ಫ್ಲಾಟು ಕೊಂಡು, ಸಂಘ ಕಟ್ಟಿಕೊಂಡ ನಾವೂ ಹೊರನಾಡ ಕನ್ನಡಿಗರು, ಅವರೂ ಹೊರನಾಡ ಕನ್ನಡಿಗರು. ಶಂಕರ್ ಅವರ ಕ್ಯಾಮರಾ ಅವರ ಮುಖಗಳನ್ನು ನೋಡಿತ್ತು. ಇನ್ನು 2024ರ ಮೇ ತಿಂಗಳಲ್ಲಿ ನಮ್ಮ ಪುಣೆಯ ಕಲ್ಯಾಣಿನಗರದಲ್ಲಿ ದುಬಾರಿ ಕಾರೊಂದು ನಡುರಾತ್ರಿ ಇಬ್ಬರು ಯುವ ಇಂಜಿನಿಯರುಗಳ ಪ್ರಾಣ ತೆಗೆದಾಗ ಪತ್ರಿಕೆಗಳನ್ನು ಓದಿದವರಿಗೆ, ನಲವತ್ತು ವರ್ಷದ ಹಿಂದಿನ ಈ ಚಿತ್ರ ಹಳೆಯದೆಂದು ಅನಿಸಲಿಕ್ಕಿಲ್ಲ.

‘ಆಕ್ಸಿಡೆಂಟ್’ ನೋಡಿದವರು ಕಡಿಮೆ. ‘ಮಾಲ್ಗುಡಿ ಡೇಸ್’ ನೋಡದವರು ಕಡಿಮೆ. 1986-87ರ ಹೊತ್ತಿಗೆ ದೂರದರ್ಶನದಲ್ಲಿ ಇದು ಬರುತ್ತಿದ್ದಾಗ ಇಲ್ಲಿಯ ನಮ್ಮ ಚಾಳುಗಳಲ್ಲಿ ಟಿ.ವಿ. ಇದ್ದ ಒಂದೋ ಎರಡೋ ಮನೆಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆರ್. ಕೆ. ನಾರಾಯಣರ ಇಂಗ್ಲಿಷ್ ಕಥೆಗಳು, ಹಿಂದಿ ಸಂಭಾಷಣೆ, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್. ಕೆ. ಲಕ್ಷ್ಮಣರ ರೇಖಾಚಿತ್ರ, ನಿರ್ಮಾಪಕರು ಟಿ. ಎಸ್. ನರಸಿಂಹನ್. ಇದರಲ್ಲಿ ಕನ್ನಡ ಎಲ್ಲಿದೆ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹಿಂದಿ ಪ್ರೇಕ್ಷಕರನ್ನು ಓಲೈಸಿ ಹೋದರೆಂಬ ಆಕ್ಷೇಪಣೆಯನ್ನೂ ಕೇಳಿದ್ದೇವೆ.

ಈ ಆಕ್ಷೇಪಣೆ ನಮಗೆ ಸರಿಕಾಣುವುದಿಲ್ಲ. ಚಿತ್ರೀಕರಣಕ್ಕೆ ಶಂಕರ್ ಆರಿಸಿದ್ದು ಆಗುಂಬೆಯನ್ನು. ಅಲ್ಲಿಯ ದೊಡ್ಡಮನೆಯ ಕಂಬಗಳು, ಜಗಲಿ, ಮಳೆಯಲ್ಲಿ ತೊಯ್ದು ಕಪ್ಪಾದ ಹೆಂಚು, ತೇವದ ಬೀದಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಈ ಮಂದಿ ಹಿಂದಿ ಆಡಿದರೂ ಕೂತದ್ದು, ಎದ್ದದ್ದು, ಮಗನ ಕಿವಿ ಹಿಂಡಿದ್ದು, ಪಂಚೆ ಎತ್ತಿಕಟ್ಟಿದ್ದು ಎಲ್ಲವೂ ಕನ್ನಡದಲ್ಲಿ. ಹಿಂದಿ ಎಂಬ ಭಾಷೆಯನ್ನು ಮಲೆನಾಡಿನ ಜಗಲಿಯ ಮೇಲೆ ಕೂಡಿಸಿ ಕಾಫಿ ಕೊಟ್ಟ ಹಾಗಿತ್ತು. 1965ರ ‘ಗೈಡ್’ ಹಿಂದಿ ಚಿತ್ರದಲ್ಲಿ ತಮ್ಮ ಮಾಲ್ಗುಡಿಯನ್ನೇ ಕಳೆದುಕೊಂಡೆನೆಂದು ನಾರಾಯಣರು ನೊಂದು ಬರೆದಿದ್ದರು. ಅವರು ಕಳೆದುಕೊಂಡದ್ದನ್ನು ಹುಡುಕಿಕೊಟ್ಟವರು ಈ 32 ವರ್ಷದ ತರುಣ. ಶಂಕರ್ ನಿರ್ದೇಶಿಸಿದ 39 ಕಂತುಗಳಲ್ಲಿ ಪೇಲವವಾದವೂ ಇವೆ, ನಿಜ. ಕೆಲವು ಸಣ್ಣಕಥೆಗಳು ಕಂತಿನ ಅಳತೆಗೆ ಹಿಗ್ಗಿ ಬಿಗಿ ಕಳೆದುಕೊಂಡಿವೆ. ಆದರೆ ಸ್ವಾಮಿಯ ಕಂತುಗಳು ಇಂದಿಗೂ ಬಾಡಿಲ್ಲ. ರೈಲಿನ ದೃಶ್ಯಗಳನ್ನು ತೆಗೆದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಕೂಡ ಆಯಿತು. ಬಹಳ ವರ್ಷ ತಡವಾಗಿ ಧಾರಾವಾಹಿ ಕನ್ನಡಕ್ಕೂ ಡಬ್ ಆಗಿ ಬಂತು.

ಕನ್ನಡ ಓದಲು ಬಾರದ ನಮ್ಮ ಮಕ್ಕಳ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಆಗ ಇಲ್ಲಿಯ ಶಾಲೆಗಳಲ್ಲಿ ಮರಾಠಿ, ಹಿಂದಿ ಕಲಿಯುತ್ತಿದ್ದ ಹುಡುಗರು ಅಜ್ಜನ ಊರು ಹೇಗಿರುತ್ತದೆಂದು ಮೊದಲು ಕಂಡದ್ದು ಈ ಹಿಂದಿ ಧಾರಾವಾಹಿಯಲ್ಲಿ. ಬೇಸಿಗೆ ರಜೆಗೆ ಊರಿಗೆ ಹೋದಾಗ ‘ಇದು ಮಾಲ್ಗುಡಿ ಹಾಗೇ ಇದೆ’ ಎಂದವರನ್ನು ನಾವು ಬಲ್ಲೆವು. ಊರು ಸಿನಿಮಾದ ಹಾಗಿದೆ ಎನ್ನುವುದು ತಲೆಕೆಳಗಾದ ಮಾತು. ಆದರೂ ಆ ಗುರುತು ಹತ್ತಲು ಒಂದು ಬಾಗಿಲು ಬೇಕಾಗಿತ್ತು, ಅದು ಹಿಂದಿಯಲ್ಲಿ ತೆರೆಯಿತು.

ಇನ್ನು ಮರಾಠಿಯ ಮಾತು. ನಮ್ಮ ಓದುಗರಲ್ಲಿ ಬಹಳ ಜನಕ್ಕೆ ತಿಳಿಯದ ಸಂಗತಿಯೊಂದು ನಮ್ಮ ಮನೆಯ ಪಕ್ಕದಲ್ಲೇ ಇದೆ. ಭೋಸರಿಯಿಂದ ಚಿಂಚವಾಡ ಎಷ್ಟು ದೂರ? ಅಲ್ಲಿಯ ಚಾಪೇಕರ್ ಚೌಕವನ್ನು ದಾಟದವರಾರು? ಪ್ಲೇಗಿನ ಹೆಸರಿನಲ್ಲಿ ಪುಣೆಯ ಮನೆಮನೆಗೆ ಸೈನಿಕರನ್ನು ನುಗ್ಗಿಸಿದ ರ‍್ಯಾಂಡ್ ಎಂಬ ಅಧಿಕಾರಿಯನ್ನು ಚಿಂಚವಾಡದ ಚಾಪೇಕರ್ ಸಹೋದರರು 1897ರ ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಗುಂಡಿಟ್ಟ ಇತಿಹಾಸ ಇಲ್ಲಿಯ ಶಾಲಾ ಮಕ್ಕಳಿಗೆಲ್ಲ ಗೊತ್ತು. ಆ ತಾರೀಖನ್ನೇ ಹೆಸರಾಗಿಟ್ಟುಕೊಂಡು 1979ರಲ್ಲಿ ನಚಿಕೇತ ಮತ್ತು ಜಯೂ ಪಟವರ್ಧನ ದಂಪತಿಗಳು ತೆಗೆದ ಮರಾಠಿ ಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು. ಆ ಚಿತ್ರದ ಕಥಾರಚನೆಯಲ್ಲಿ ಕೈಜೋಡಿಸಿದವರೂ, ಸಹಾಯಕ ನಿರ್ದೇಶಕರಾಗಿ ದುಡಿದವರೂ ಶಂಕರ್‌ನಾಗ್. ಗಂಡುಗಲಿಯಾಗಿ ದೇಶದ ಶ್ರೇಷ್ಠ ನಟನೆನಿಸಿಕೊಂಡ ಕಾಲದಲ್ಲೇ ಇನ್ನೊಬ್ಬರ ಕೈಕೆಳಗೆ ನಿಂತು ಕಲಿಯಲು ನಾಚಿಕೆಪಟ್ಟುಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ನಿರ್ದೇಶಕರಾಗಿ ಅವರಲ್ಲಿ ಕಾಣುವ ಆ ಅವಸರವಿಲ್ಲದ ನೋಟ, ವಿವರಗಳ ಮೇಲಿನ ಅಕ್ಕರೆ ಇಂಥ ಕಡೆ ಬಂದದ್ದೆಂದು ನಮ್ಮ ಊಹೆ.

ಬೆಂಗಳೂರಿನಲ್ಲಿ ಅವರು ಅರುಂಧತಿಯವರೊಡನೆ ನಡೆಸಿದ ‘ಸಂಕೇತ್’ ನಾಟಕ ತಂಡವನ್ನು ನೋಡಿದರೆ ಈ ಋಣ ಇನ್ನೂ ಸ್ಪಷ್ಟ. ಕಾರ್ನಾಡರ ‘ಅಂಜುಮಲ್ಲಿಗೆ’, ‘ನಾಗಮಂಡಲ’ಗಳ ಜೊತೆಗೇ ಜಯವಂತ ದಳವಿಯವರ ‘ಬ್ಯಾರಿಸ್ಟರ್’, ‘ಸಂಧ್ಯಾಛಾಯಾ’ಗಳು ಕನ್ನಡದ ವೇದಿಕೆ ಏರಿದವು. ಸಿನಿಮಾದಲ್ಲಿ ಕೈತುಂಬ ಕೆಲಸವಿದ್ದವರು ಸಂಜೆ ತಾಲೀಮಿಗೆ ಕೂಡುವುದು ಹುಡುಗಾಟವಲ್ಲ. ‘ಸಂಧ್ಯಾಛಾಯಾ’ ದೂರ ಹೋದ ಮಕ್ಕಳಿಗಾಗಿ ಕಾಯುತ್ತ ಕೂತ ವೃದ್ಧ ದಂಪತಿಗಳ ನಾಟಕ. ಗದಗಿನಲ್ಲೋ ಕುಂದಾಪುರದಲ್ಲೋ ತಾಯ್ತಂದೆಯರನ್ನು ಬಿಟ್ಟು ಬಂದಿರುವ ನಾವು, ಈಗ ನಮ್ಮ ಮಕ್ಕಳನ್ನು ಅಮೆರಿಕೆಗೆ ಕಳಿಸಿ ವಿಡಿಯೋ ಕರೆಗಾಗಿ ಕಾಯುತ್ತಿದ್ದೇವೆ. ನಮ್ಮ ಮನೆಗಳಿಗೆ ಇದಕ್ಕಿಂತ ಹತ್ತಿರದ ನಾಟಕ ಇನ್ನೊಂದಿಲ್ಲ. ಮರಾಠಿಯಲ್ಲಿ ನಮ್ಮ ನೆರೆಹೊರೆಯವರಿಗೆಲ್ಲ ಪರಿಚಿತವಾದ ಈ ನಾಟಕ ಕನ್ನಡಕ್ಕೆ ಬೇಕೆಂದು ತೋರಿದ್ದು, ಎರಡೂ ಕಡೆ ಮನೆಯಿದ್ದ ಒಬ್ಬರಿಗೆ.

ಈಚೆಗೆ ಶಂಕರ್‌ನಾಗ್ ಎಂದರೆ ಇನ್ನೊಂದು ಬಗೆಯ ಕಥೆಗಳು ಮುಂದೆ ಬರುತ್ತಿವೆ. ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂದು ಅವರು ಅಂದೇ ಹೇಳಿದ್ದರು, ನಂದಿಬೆಟ್ಟಕ್ಕೆ ರೋಪ್‌ವೇ ಕನಸು ಕಂಡಿದ್ದರು, ಬಡವರಿಗೆ ಅಗ್ಗದ ಮನೆಗಳ ಯೋಚನೆ ಮಾಡಿದ್ದರು ಎಂದು. ಇವುಗಳಲ್ಲಿ ಹುರುಳಿರಬಹುದು. ಆದರೆ ಮಾಡದೇ ಉಳಿದ ಕೆಲಸಗಳ ಪಟ್ಟಿ ಬೆಳೆದಷ್ಟೂ ಮಾಡಿದ ಕೆಲಸಗಳು ಹಿಂದಕ್ಕೆ ಸರಿಯುತ್ತವೆ. ಮೆಟ್ರೋ ಕನಸನ್ನು ಹೊಗಳುವ ಹತ್ತು ಜನರಲ್ಲಿ ‘ಆಕ್ಸಿಡೆಂಟ್’ ನೋಡಿದವರು ಇಬ್ಬರಿದ್ದರೆ ಹೆಚ್ಚು.

ಅವರು ಹೋದ ಬಗೆ ಎಲ್ಲರಿಗೂ ತಿಳಿದದ್ದೇ. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಹೋಗುವಾಗ ದಾವಣಗೆರೆಯ ಸಮೀಪದ ಆನಗೋಡಿನಲ್ಲಿ ಕಾರು ಅಪಘಾತಕ್ಕೀಡಾಯಿತು. ಜೊತೆಗಿದ್ದ ಪತ್ನಿ ಮತ್ತು ಮಗಳು ಬದುಕಿ ಉಳಿದರು. 36 ತುಂಬಲು ಇನ್ನೂ ನಲವತ್ತು ದಿನವಿತ್ತು. ಆ ರಸ್ತೆ ಆಗಿನ ರಾಷ್ಟ್ರೀಯ ಹೆದ್ದಾರಿ 4. ಈಗ 48 ಎಂಬ ಅಂಕಿ ಬಂದಿದೆ. ನಮ್ಮ ಪುಣೆಯಿಂದ ಬೆಂಗಳೂರಿಗೆ ಹೋಗುವ ರಸ್ತೆಯೂ ಅದೇ. ದೀಪಾವಳಿಗೋ ಮದುವೆಗೋ ರಾತ್ರಿ ಬಸ್ಸು ಹಿಡಿದು ಹೊರಟ ನಾವು ಆನಗೋಡು ದಾಟುವುದು ಸಾಮಾನ್ಯವಾಗಿ ಬೆಳಗಿನ ಜಾವ, ನಿದ್ದೆಯಲ್ಲಿ.

ಬೇರೆ ಯಾರಾಗಿದ್ದರೂ ಕಥೆ ಅಲ್ಲಿಗೆ, ಫೋಟೋ ಮತ್ತು ಹಾರಗಳ ಮಟ್ಟಕ್ಕೆ ನಿಲ್ಲುತ್ತಿತ್ತು. ಇಲ್ಲಿ ನಿಲ್ಲದಿರಲು ಕಾರಣ ಶ್ರೀಮತಿ ಅರುಂಧತಿ ನಾಗ್. ಅದೇ ಅಪಘಾತದಲ್ಲಿ ಪೆಟ್ಟು ತಿಂದು ಎದ್ದ ಆಕೆ ಸಂಕೇತ್ ಟ್ರಸ್ಟಿನ ಮೂಲಕ ಹತ್ತಾರು ಬಾಗಿಲು ತಟ್ಟಿ, 2004ರ ಅಕ್ಟೋಬರ್ 28ರಂದು ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ವನ್ನು ತೆರೆಸಿದರು. ಹದಿನಾಲ್ಕು ವರ್ಷದ ದುಡಿಮೆ. 300ಕ್ಕೂ ಹೆಚ್ಚು ಆಸನಗಳ ಚಿಕ್ಕ ರಂಗಮಂದಿರ. ಮುಂಬಯಿಯ ಜುಹುವಿನಲ್ಲಿ 1978ರಲ್ಲಿ ಆರಂಭವಾದ ಪೃಥ್ವಿ ಥಿಯೇಟರಿನ ಮಾದರಿ ಕಣ್ಣೆದುರಿಗಿತ್ತು. ವಾರಕ್ಕೊಂದು ದಿನ ಬಿಟ್ಟರೆ ನಿತ್ಯ ನಾಟಕ, ಟಿಕೆಟ್ ಕೊಂಡೇ ನೋಡಬೇಕು, ಹೊತ್ತಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಮಂತ್ರಿಗಳಾದರೂ ಸರಿ, ಬಾಗಿಲ ಹೊರಗೇ. ಈ ಕಟ್ಟುನಿಟ್ಟಿಗೆ ಮೊದಮೊದಲು ಗೊಣಗಿದವರೂ ಈಗ ಗಡಿಯಾರ ನೋಡಿಕೊಂಡು ಮನೆ ಬಿಡುತ್ತಾರಂತೆ. ಮರಾಠಿ ನಾಟಕದ ‘ತಿಸರೀ ಘಂಟಾ’ ಗೊತ್ತಿರುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಮೂರನೆಯ ಗಂಟೆ ಹೊಡೆದರೆ ಪರದೆ ಏಳಲೇಬೇಕೆಂಬ ಆ ಶಿಸ್ತು ಮುಂಬಯಿಯ ಗಂಟು. ಗಂಡಹೆಂಡಿರಿಬ್ಬರೂ ಅದನ್ನು ಬೆಂಗಳೂರಿಗೆ ಕಟ್ಟಿಕೊಂಡು ಹೋದರು. ನಮ್ಮ ಲೆಕ್ಕದಲ್ಲಿ ಆ 80 ಚಿತ್ರಗಳಿಗಿಂತ ಈ ಒಂದು ಕಟ್ಟಡ ಭಾರವಾಗಿ ತೂಗುತ್ತದೆ. ಇದನ್ನು ಕಟ್ಟಿದ ಆಕೆಯ ಪಟ ಯಾವ ಆಟೋದ ಹಿಂದೆಯೂ ಇಲ್ಲ ಎಂಬುದು ಬೇರೆ ಮಾತು.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಸಂಘದ ಸಂಗತಿಗೆ ಬರದಿದ್ದರೆ ಸಲ್ಲದು. ಶಂಕರ್‌ನಾಗ್ ನೆನಪಿನಲ್ಲಿ ಏನಾದರೂ ಮಾಡಬೇಕೆಂಬ ಸೂಚನೆ ಸದಸ್ಯರಿಂದ ಆಗಾಗ ಬರುತ್ತಿರುತ್ತದೆ. ಪ್ರತಿಸಲವೂ ಆರ್ಕೆಸ್ಟ್ರಾದ ಹೆಸರೇ ಮೊದಲು ಕೇಳಿಬರುತ್ತದೆ. ಆರ್ಕೆಸ್ಟ್ರಾ ಬೇಡವೆನ್ನುವ ಅರಸಿಕರು ನಾವಲ್ಲ. ಅದರ ಜೊತೆಗೆ ‘ಆಕ್ಸಿಡೆಂಟ್’ ತೋರಿಸಬಹುದು, ಶೆಡ್ಡುಗಳಲ್ಲಿರುವ ನಮ್ಮವರನ್ನೂ ಕರೆಯಬಹುದು. ‘ಸಂಧ್ಯಾಛಾಯಾ’ದ ಒಂದು ಅಂಕವನ್ನು ಹಿರಿಯರು ಕನ್ನಡದಲ್ಲೂ ಮಕ್ಕಳು ಮರಾಠಿಯಲ್ಲೂ ಓದಬಹುದು; ನೆರೆಮನೆಯ ಮರಾಠಿ ಕುಟುಂಬಗಳು ಬಂದು ಕೂತರೆ ಇನ್ನೂ ಚೆನ್ನ. ಇದಕ್ಕೆಲ್ಲ ಪೂರ್ವಸಿದ್ಧತೆ ಬೇಕು ಎನ್ನುವವರಿಗೆ ಇನ್ನೂ ಸುಲಭದ ದಾರಿಯೊಂದಿದೆ. ಇಲ್ಲೇ ನಮ್ಮ ಭೋಸರಿಯಲ್ಲಿ ಅಂಕುಶರಾವ್ ಲಾಂಡಗೆ ನಾಟ್ಯಗೃಹವಿದೆ. ಮರಾಠಿ ನಾಟಕಗಳು ಅಲ್ಲಿಗೂ ಚಿಂಚವಾಡಕ್ಕೂ ಬರುತ್ತಲೇ ಇರುತ್ತವೆ, ಜಾಹೀರಾತು ಪತ್ರಿಕೆಯಲ್ಲಿರುತ್ತದೆ. ಹೊನ್ನಾವರದ ಹುಡುಗನೊಬ್ಬ ಕೆಲಸ ಕಲಿತದ್ದು ಇಂಥ ನಾಟಕಗಳಲ್ಲೇ. ಟಿಕೆಟ್ಟಿನ ದರ ನಮ್ಮ ಆರ್ಕೆಸ್ಟ್ರಾ ವಂತಿಗೆಗಿಂತ ಹೆಚ್ಚೇನಿಲ್ಲ, ಆದರೆ ಮೂರನೆಯ ಗಂಟೆಯೊಳಗೆ ಹೋಗಿ ಕೂತಿರಬೇಕು.